ಒಂದೇ ತೊಗಲಿನ ಎರಡು ಮೂಲೆ

ಜನವರಿ 9

ಅಣ್ಣ,

ನೀನು ಚೆನ್ನಾಗಿರ್ತೀಯ ಅಂತ ಗೊತ್ತು, ಅದಕ್ಕೇ ಕೇಳಲ್ಲ. ಅಪ್ಪನಿಗೆ ಹೊಡೆದಿದಾರೆ.

ಪೇಟೆಲಿ ಹೊಸ ಕ್ಷೌರದಂಗಡಿ ಆಗಿದೆ. ಗಾಜಿನ ಬಾಗಿಲು, ತಿರುಗೋ ಕುರ್ಚಿ, ಮೂರು ಕಡೆ ಕನ್ನಡಿ. ತೊಗಲು ಹದ ಮಾಡೋ ಓಣಿಯೋರು ಒಳಗೆ ಬರಬಾರ್ದು ಅಂತ ಯಾರೂ ಬೋರ್ಡ್ ಹಾಕಿಲ್ಲ. ಹಾಕೋದೂ ಬೇಡ, ಎಲ್ಲರಿಗೂ ಗೊತ್ತಿರೋದೇ. ಅಪ್ಪನಿಗೆ ಅದೇನು ಹುಚ್ಚು ಹತ್ತಿತೋ, ಹೋಗಿ ಕೂತುಬಿಟ್ಟ. ಒಗೆದ ಅಂಗಿ ಹಾಕಿದ್ದ. ಸೋಪು ಹಚ್ಚಿ ಹಚ್ಚಿ ಮೈ ಉಜ್ಕೊಂಡಿದ್ದ. ಎರಡೂ ಕೈ ಜೇಬಲ್ಲಿ. ಕ್ಷೌರದೋನು ಬಿಳಿ ಬಟ್ಟೆ ಹೊದಿಸಿ ಅರ್ಧ ಗಡ್ಡ ಕೆರೆದೂ ಆಗಿತ್ತಂತೆ. ಅಷ್ಟರಲ್ಲಿ ನೊರೆ ಕಣ್ಣಿಗೆ ಹೋಯ್ತು. ಒರೆಸ್ಕೊಳ್ಳೋಕೆ ಅಪ್ಪ ಕೈ ಆಚೆ ತೆಗೆದ.

ಆ ಕೈ ಹೇಗಿದೆ ಅಂತ ನಿನಗೆ ಹೇಳಬೇಕಾ? ಜೀವಮಾನವಿಡೀ ತೊಗಲು ಹದ ಮಾಡೋ ತೊಗಟೆ ನೀರಲ್ಲಿ ನೆಂದ ಕೈ. ಮೊಣಕೈವರೆಗೂ ಕಂದು.

"ಏಯ್, ನಾತ ಕಣ್ರೋ ಇವನು!" ಅಂದ ಪಕ್ಕದ ಕುರ್ಚಿಯೋನು. ಅಷ್ಟೇ. ಕುತ್ತಿಗೆಗೆ ಕಟ್ಟಿದ್ದ ಅದೇ ಬಿಳಿ ಬಟ್ಟೆ ಹಿಡ್ಕೊಂಡು ಬೀದಿಗೆ ಎಳೆದ್ರು. ಬೂಟುಗಾಲಲ್ಲಿ ಪಕ್ಕೆಗೆ ಒದ್ದರು. ಕ್ಷೌರದೋನು ಕತ್ತೀನ ಚರಂಡಿಗೆ ಎಸೆದ, ಮೈಲಿಗೆ ಆಯ್ತಂತೆ. ಅಪ್ಪನ ಹೊತ್ಕೊಂಡು ಬಂದಾಗ ಅರ್ಧ ಮುಖ ನುಣ್ಣಗೆ, ಅರ್ಧ ಮುಖ ಗಡ್ಡ. ಬಾಯಿಂದ ರಕ್ತದ ಜೊತೆ ಸೋಪಿನ ಗುಳ್ಳೆ ಬರ್ತಿತ್ತು.

ನಾನು ತೊಗಲಿನ ಕೂದಲು ಹೆರೆಯೋ ಕತ್ತಿ ತಗೊಂಡು ಹೊರಟೆ. ಓಣಿಯೋರು ನನ್ನ ಕೆಡವಿ ಮೇಲೆ ಕೂತ್ಕೊಂಡ್ರು. ಚಿಕ್ಕಮ್ಮ, ಪಕ್ಕದ ಮನೆಯೋಳು, ನಿನಗೆ ನೆನಪಿರಬಹುದು, ಅವಳ ತೂಕಕ್ಕೇ ನನ್ನ ಉಸಿರು ಹೋಯ್ತು.

ಅಣ್ಣ, ಒಂದು ಸಲ ಬಾ. ನೀನು ಇಸ್ತ್ರಿ ಅಂಗಿಯೋನು, ಸಿಟಿ ಮಾತಿನೋನು. ಆ ಅಂಗಡಿ ಮುಂದೆ ನಿಂತು "ಅವರು ನನ್ನಪ್ಪ, ಇವನು ನನ್ನ ತಮ್ಮ" ಅಂತ ನಾಲ್ಕು ಜನಕ್ಕೆ ಕೇಳೋ ಹಾಗೆ ಒಂದು ಮಾತು ಹೇಳು. ಹೊಡೆಯೋದು ಬಡಿಯೋದು ನನಗೆ ಬಿಡು. ನಿನ್ನಿಂದ ಆ ಒಂದು ಮಾತು ಸಾಕು.

ಗಾಳಿ
(ಈಗಲೂ ಅಪ್ಪ ಹಾಗೇ ಕರೀತಾನೆ. ಒಂದು ಕಡೆ ಕೂರಲ್ಲ ಅಂತ.)


ಜನವರಿ 24

ತಮ್ಮ,

ಕಾಗದ ಓದಿದೆ. ಅಪ್ಪನ್ನ ಒಳ್ಳೇ ಡಾಕ್ಟರಿಗೆ ತೋರಿಸು. ಆದ್ರೂ ಕೇಳ್ತೀನಿ, ಈ ವಯಸ್ಸಲ್ಲಿ ಅಪ್ಪನಿಗೆ ಆ ಕುರ್ಚಿ ಯಾಕೆ ಬೇಕಿತ್ತು? ಇಷ್ಟು ವರ್ಷ ಓಣೀಲೇ ಗಡ್ಡ ಮಾಡಿಸ್ಕೊಂಡಿಲ್ವಾ? ಸುಮ್ಮನೆ ಮೈಮೇಲೆ ಎಳ್ಕೊಂಡ.

ನಾನು ಬರೋ ಹಾಗಿಲ್ಲ ಕಣೋ. ನಿನಗೆ ಗೊತ್ತಲ್ಲ, ಇಲ್ಲಿ ನಾನು ಯಾರೂ ಇಲ್ಲದ ಅನಾಥ, ಎಲ್ಲೋ ದೂರದ ದರ್ಜಿ ಮನೆತನದೋನು. ನನ್ನ ಮಾವನ ಮನೆಯೋರು ಬೂಟು ಹೊಲಿಯೋರು. ಹದವಾದ ತೊಗಲು ಮುಟ್ತಾರೆ, ಹಸಿ ತೊಗಲು ಮುಟ್ಟಿದೋರನ್ನ ಮುಟ್ಟಲ್ಲ. ಬೂಟಿನ ಬಣ್ಣದಿಂದ ನನ್ನ ಕೈ ಕಂದಾಗಿದೆ ಅಂತ ಎಲ್ಲ ನಂಬಿದಾರೆ. ನನ್ನ ಹೆಂಡ್ತಿಯಂತೂ ಏನೂ ಅರಿಯದ ಹೆಣ್ಣು. ಈಗ ಬಸುರಿ ಬೇರೆ. ಗೊತ್ತಾದ್ರೆ ಆ ಕ್ಷಣವೇ ಎದೆ ಒಡ್ಕೊಂಡು ಸಾಯ್ತಾಳೆ.

ಇನ್ಮೇಲೆ ಕಾಗದದಲ್ಲಿ ಅಣ್ಣ ಅಂತ ಬರೀಬೇಡ. ಭಾಮೈದ ಒಡೆದು ನೋಡ್ತಾನೆ, ಅವನ್ನ ಎಲ್ಲರೂ ಗೂಳಿ ಅಂತಾರೆ, ಸುಮ್ಮನೆ ಅಲ್ಲ. ನಮಗೆ ತೊಗಲು ಕಳಿಸೋ ಕಡೆಯವನ ಹಾಗೆ ಬರಿ. ಸಾರ್ ಅಂತ ಬರಿ.

ನಿನಗೆ ಒಂದು ಜೊತೆ ಬೂಟು ಕಳಿಸಿದೀನಿ. ನನ್ನ ಕೈಯಾರೆ ಹೊಲಿದದ್ದು. ಹಾಕ್ಕೋ. ಜಗಳಕ್ಕೆ ಹೋಗ್ಬೇಡ.


ಫೆಬ್ರವರಿ 6

ಮಾನ್ಯ ಸಾರ್,

ತಮ್ಮ ಅಪ್ಪಣೆ ಪ್ರಕಾರ ಬರೀತಿದೀನಿ. ತಪ್ಪಿದ್ರೆ ಕ್ಷಮಿಸಬೇಕು, ಹತ್ತನೇ ಕ್ಲಾಸಿಗೇ ನಿಂತೋನು.

ತಾವು ವಿಚಾರಿಸಿದ ಹಳೇ ತೊಗಲಿನ ಸ್ಥಿತಿ ಚೆನ್ನಾಗಿಲ್ಲ. ಎಡಗಡೆ ಪಕ್ಕೆ ಪೂರ್ತಿ ನೀಲಿಗಟ್ಟಿದೆ. ಮಗ್ಗುಲು ಬದಲಿಸಿದ್ರೆ ಶಬ್ದ ಮಾಡುತ್ತೆ. ತೊಗಲು ನರಳೋದು ನಾನು ಇದೇ ಮೊದಲು ಕೇಳಿದ್ದು ಸಾರ್.

ಕ್ಷೌರದಂಗಡಿ ಗಾಜಿನ ಬಾಗಿಲು ಈಗ ಇಲ್ಲ. ಯಾರೋ ಕಲ್ಲು ಹೊಡೆದ್ರಂತೆ. ಆ ಯಾರೋಗೆ ಎರಡು ಹಲ್ಲು ಹೋಗಿದೆ, ಒಂದು ಪಕ್ಕೆ ಹೇಳಿದ ಮಾತು ಕೇಳಲ್ಲ. ಆದ್ರೂ ಹೊಡೆಯೋಕೆ ಬಂದ ಮೂವರಲ್ಲಿ ಒಬ್ಬನ ದವಡೆ ಅವನ ಕೈಗೆ ಸಿಕ್ಕಿತ್ತು. ಅವನು ಇನ್ನು ಸ್ವಲ್ಪ ದಿನ ಗಂಜಿ ಕುಡೀಬೇಕು.

ಬೂಟು ತಲುಪಿತು. ಅಳತೆ ಮಾಡಿದ ಹಾಗೆ ಹಿಡೀತು. ನನ್ನ ಕಾಲಳತೆ ತಮಗೆ ಯಾರು ಕೊಟ್ರು ಸಾರ್? ತಾವು ಮನೆ ಬಿಟ್ಟಾಗ ನನಗೆ ಮೀಸೆ ಕೂಡ ಚಿಗುರಿರಲಿಲ್ಲ.

ಥೂ, ನನ್ನ ಕೈಲಿ ಆಗಲ್ಲ ಈ ನಾಟಕ. ಅಣ್ಣ, ಅಪ್ಪ ಆ ಬೂಟನ್ನ ಹಾಸಿಗೆ ಮೇಲೇ ಇಟ್ಕೊಂಡು ಹೊಲಿಗೆ ಸವರಿ ಸವರಿ ನೋಡಿದ. ಆಮೇಲೆ ಹದ ನೋಡೋಕೆ ನಮ್ಮ ಓಣೀಲಿ ಎಲ್ಲ ಮಾಡೋ ಹಾಗೆ, ತುದೀನ ಮೆಲ್ಲಗೆ ಕಚ್ಚಿ, ಕಣ್ಣು ಮುಚ್ಚಿ, ರೆಪ್ಪೆ ಮೇಲೆ ಒತ್ಕೊಂಡ. "ತಣ್ಣಗೆ ತಾಗ್ತಿಲ್ಲ. ಒಳಗೆ ಹಸಿ ಇಲ್ಲ. ಒಳ್ಳೇ ತೊಗಲೇ ಆರಿಸಿದಾನೆ ದೊಡ್ಡೋನು" ಅಂದ. ನೀನು ಬರಲ್ಲ ಅನ್ನೋದು ಮಾತ್ರ ನಾನು ಅವನಿಗೆ ಹೇಳಿಲ್ಲ. ರಜೆ ಸಿಕ್ಕಿಲ್ಲ ಅಂದಿದೀನಿ.


ಫೆಬ್ರವರಿ 27

ಅಣ್ಣ,

ಅಪ್ಪ ಹೋದ.

ಬೆಳಿಗ್ಗೆ ನೀರು ಕೇಳಿದ, ತರೋದ್ರೊಳಗೆ ಹೋಗ್ಬಿಟ್ಟಿದ್ದ. ಅವತ್ತು ಅರ್ಧಕ್ಕೇ ನಿಂತಿದ್ದ ಗಡ್ಡಾನ ನಾನೇ ಪೂರ್ತಿ ಕೆರೆದೆ. ನಿನಗೆ ಕಾದ್ವಿ. ಆಮೇಲೆ ಕಾಯೋದು ಬೇಡ ಅಂದ್ರು.


ಮಾರ್ಚ್ 20

ತೊಗಲು ಮಂಡಿಯವರಿಗೆ,

ತಮ್ಮ ಕಾಗದ ನನ್ನ ಕೈಗೇ ತಲುಪಿತು. ಹಳೇ ಸರಕು ಕೈಬಿಟ್ಟದ್ದು ಕೇಳಿ ಬೇಜಾರಾಯ್ತು. ಅಂಥ ಸರಕು ಮತ್ತೆ ಸಿಗಲ್ಲ. ಸದ್ಯಕ್ಕೆ ಇಲ್ಲಿಗೆ ಯಾರೂ ಬರೋ ಅಗತ್ಯ ಇಲ್ಲ. ಬರಬಾರದು. ಏನಾದ್ರೂ ಇದ್ರೆ ಎದುರಿನ ಚಹಾ ಅಂಗಡಿಯವನ ವಿಳಾಸಕ್ಕೆ ಬರೀರಿ, ಅವನು ನಂಬಿಕೆಯೋನು.

ಬೂಟು ಜೋಪಾನ.


ಏಪ್ರಿಲ್ 18, ಲಾಕಪ್ಪಿಂದ

ಏನಂತ ಕರೀಲಿ ತಿಳೀತಿಲ್ಲ. ಅಣ್ಣ ಅಂದ್ರೆ ನಿನಗೆ ಕಷ್ಟ, ಸಾರ್ ಅಂದ್ರೆ ನನಗೆ ವಾಂತಿ. ಹಾಗೇ ಶುರು ಮಾಡ್ತೀನಿ. ಇಲ್ಲೊಬ್ಬ ಪೇದೆ ಕಾಗದ ಕೊಟ್ಟಿದಾನೆ. ಬಲಗಣ್ಣು ಅರ್ಧ ತೆರೆಯುತ್ತೆ, ಅಷ್ಟು ಸಾಕು.

ನೀನೂ ಅಲ್ಲೇ ಇದ್ದೆ, ಆದ್ರೂ ನಡೆದದ್ದು ಬರೀತೀನಿ. ಯಾಕಂದ್ರೆ ಅರ್ಧ ಹೊತ್ತು ನೀನು ಎಲ್ಲೋ ನೋಡ್ತಿದ್ದೆ.

ಹಳೇ ಸರಕು ಅಂದ್ಯಲ್ಲ, ಅದಕ್ಕೇ ಬಂದೆ. ಅಪ್ಪ ಕೊನೇದಾಗಿ ಹದ ಮಾಡಿದ ತೊಗಲು ಒಂದಿತ್ತು. ಲೋಡು ಇಳಿಸೋ ಕೂಲಿಯಾಗಿ ಲಾರಿ ಹತ್ತಿದೆ, ಅದನ್ನ ಎಲ್ಲದರ ಮೇಲೆ ಹಾಕಿ ಅದರ ಮೇಲೇ ಕೂತು ಬಂದೆ. ನಿನ್ನ ಕೈಗೆ ಕೊಟ್ಟು, ಮುಖ ನೋಡಿ, ವಾಪಸ್ ಹೋಗೋದು ಅಂತಿದ್ದೆ. ಗುಟ್ಟು ಒಡೆಯೋಕೆ ಬಂದಿರಲಿಲ್ಲ, ಅಪ್ಪನಾಣೆ. ನಿನ್ನ ಸಾರ್ ಅಂತಾನೇ ಕರೆದೆ. ನೀನೂ "ಅಲ್ಲಿ ಇಳಿಸಪ್ಪ" ಅಂದೆ. ಕೂಲಿಯೋನಿಗೆ ಅನ್ನೋ ಹಾಗೆ. ಸರಿ, ಅದೂ ಆಯ್ತು ಅಂದ್ಕೊಂಡೆ.

ನಿಮ್ಮ ಕಾರ್ಖಾನೆ ಚೆನ್ನಾಗಿದೆ. ಗೋಡೆ ತುಂಬಾ ಮರದ ಅಚ್ಚಿನ ಪಾದಗಳು ಜೊತೆ ಜೊತೆಯಾಗಿ ನೇತಾಡ್ತಿದ್ದವು. ಅಂಟಿನ ವಾಸನೆಗೆ ನಮ್ಮ ತೊಗಲು ನೆನೆಸೋ ಗುಂಡಿ ವಾಸನೆಯೇ ವಾಸಿ. ಗೂಳಿ ಚಹಾ ಹೀರ್ತಾ ನಿಂತಿದ್ದ. "ಮೆಲ್ಲಗೆ ಹಾಕೋ. ಮೇಜಿಗೆ ಮೈ ತಾಗಿಸಬೇಡ. ಸರಕು ಬೇಕು, ನಿನ್ನ ನಾತ ಬೇಡ" ಅಂದ. ಎಲ್ಲ ನಕ್ಕರು. ನೀನೂ ಸ್ವಲ್ಪ ನಕ್ಕೆ. ನೋಡಿದೆ ನಾನು.

ನಿನ್ನ ಮಾವ ಕನ್ನಡಕ ಹಣೆಗೇರಿಸಿ "ಇದು ಬೇರೆ ಥರ ಇದೆಯಲ್ಲ, ಹದ ನೋಡಯ್ಯ ಅಳಿಯ" ಅಂದ್ರು. ನಾನು ತೊಗಲನ್ನ ಮೇಜಿನ ಮೇಲೆ ಹರವಿದೆ. ಅಭ್ಯಾಸ ಬಲ, ಈ ಮೂಲೆ ಎತ್ತಿ ಕಚ್ಚಿ ರೆಪ್ಪೆಗೆ ಒತ್ಕೊಂಡೆ. ಕಣ್ಣು ಬಿಡ್ತೀನಿ, ಆ ಮೂಲೇಲಿ ನೀನು. ಇಷ್ಟು ವರ್ಷ ಅವರ ಮುಂದೆ ಹೆಬ್ಬೆರಳಲ್ಲಿ ಒತ್ತಿ ನೋಡ್ತಿದ್ದೋನು, ಅಪ್ಪನ ಕೈ ತೊಗಲು ಕಂಡದ್ದೇ ಮರೆತುಬಿಟ್ಟೆ. ಎಡಗಣ್ಣಿಗೇ ಒತ್ಕೊಂಡಿದ್ದೆ, ನನ್ನ ಹಾಗೇ. ಬಾಯಿ ಸ್ವಲ್ಪ ತೆರೆದಿತ್ತು, ಅಪ್ಪನ ಹಾಗೇ. ಎಷ್ಟು ಚೆಂದ ಇದ್ದೆ ಗೊತ್ತಾ ಆಗ? ನಾನು ಆ ಒಂದು ಗಳಿಗೆಗೇ ಬಂದಿದ್ದು ಅನ್ನಿಸಿತು.

ಸುತ್ತಿಗೆ ಸದ್ದು ನಿಂತಿತ್ತು.

"ಏನ್ ಭಾವ," ಅಂದ ಗೂಳಿ, "ಇಬ್ಬರೂ ಒಂದೇ ಶಾಲೇಲಿ ಓದಿದ ಹಾಗಿದೆ?"

"ತೊಗಲು ಮಾರೋರು ಮಾಡೋದು ನೋಡಿ ಕಲ್ತೆ" ಅಂದೆ ನೀನು.

"ಯಾವ ತೊಗಲು ಮಾರೋನಪ್ಪಾ ಅವನು? ನಾನು ಹುಟ್ಟಿದಾಗಿಂದ ಇದೇ ಅಂಗಡೀಲಿ ಬಿದ್ದಿದೀನಿ, ತೊಗಲಿಗೆ ಮುತ್ತು ಕೊಡೋರನ್ನ ಇವತ್ತೇ ಕಂಡಿದ್ದು. ಅಪ್ಪಾ, ಇಬ್ಬರ ಮೂಗೂ ನೋಡು ಒಂದ್ಸಲ."

ನಿನ್ನ ಮಾವ ಕನ್ನಡಕ ಇಳಿಸಿದ್ರು. "ಅಳಿಯಂದಿರೇ, ಇವರು ಯಾರು?" ಅಷ್ಟು ಹೊತ್ತು ಏಕವಚನದಲ್ಲಿದ್ದೋರು ಬಹುವಚನಕ್ಕೆ ಹೋದ್ರು ನೋಡು, ಆಗಲೇ ನಾನು ಬಾಗಿಲ ಕಡೆ ನೋಡಿದೆ.

"ಯಾರೋ ಕೂಲಿ. ನನಗೇನು ಗೊತ್ತು."

ಗೂಳಿ ಗೋಡೆಯಿಂದ ಒಂದು ಮರದ ಅಚ್ಚು ಕಿತ್ತು ನಿನ್ನ ಕೈಲಿಟ್ಟ. "ಹಾಗಿದ್ರೆ ಹೊಡಿ. ನಮ್ಮ ಮೇಜು ಮುಟ್ಟಿದಾನೆ. ನಿನ್ನೋನಲ್ಲ ಅಂದ್ಮೇಲೆ ಹಿಂದೆಮುಂದೆ ಯಾಕೆ ನೋಡ್ಬೇಕು?"

ನಾನು ನಿನ್ನ ಮುಖ ನೋಡಿದೆ. ಹೇಳಿಬಿಡ್ತೀಯ ಅಂದ್ಕೊಂಡೆ. ಸತ್ಯವಾಗ್ಲೂ ಅಂದ್ಕೊಂಡೆ. ನೀನು ಹೊಡೆದೆ.

ಎಡಗಿವಿ ಮೇಲೆ ಬಿತ್ತು. ನೆನೆದ ತೊಗಲನ್ನ ಕಲ್ಲಿಗೆ ಬಡಿದ ಹಾಗೆ ಸದ್ದು. ಅದು ಸರಿ, ಅದನ್ನ ನುಂಗ್ತೀನಿ. ಆದ್ರೆ ಎರಡನೇದು? ಎರಡನೇ ಏಟು ಯಾರೂ ಕೇಳಿರಲಿಲ್ಲ. ಗೂಳಿ ಕೂಡ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಮೊದಲನೇದು ಅವರಿಗೋಸ್ಕರ ಹೊಡೆದೆ. ಎರಡನೇದು ಯಾರಿಗೋಸ್ಕರ?

ಆಮೇಲೆ ಉಳಿದೋರಿಗೆ ಹಬ್ಬ. ಹೊಟ್ಟೆಗೆ, ಬೆನ್ನಿಗೆ, ಬಾಯಿಗೆ. ಕೆಳಗೆ ಬಿದ್ದಾಗ ಗೂಳಿ ನನ್ನ ಬೂಟು ನೋಡಿದ. ಅಟ್ಟೆ ಮೇಲೆ ನಿಮ್ಮ ಅಂಗಡಿ ಮುದ್ರೆ. "ಕಳ್ಳ ನನ್ಮಗ!" ಅಂದ. ಕೂಲಿ ಕಳ್ಳನಾಗಿಬಿಟ್ಟ. ಇಲ್ಲಿ ಠಾಣೇಲಿ ಅದೇ ಬೂಟು ಬಿಚ್ಚಿಸಿ ಅಂಗಾಲಿಗೆ ಬಾರಿಸಿದ್ರು. ಎಲ್ಲಿಂದ ಬಂತು ಹೇಳು ಅಂತ. ನಾನು ಬಾಯಿ ಬಿಡಲಿಲ್ಲ. ಎಡಗಿವೀಲಿ ಈಗ ಏನೂ ಕೇಳಿಸಲ್ಲ.

ಇನ್ನೊಂದು ಮಾತು ನಿನ್ನಿಂದ ಮುಚ್ಚಿಟ್ಟಿದ್ದೆ. ಅಪ್ಪನಿಗೆ ಆ ಕುರ್ಚಿ ಯಾಕೆ ಬೇಕಿತ್ತು ಅಂತ ಕೇಳಿದ್ಯಲ್ಲ. ನಿನ್ನ ಹತ್ರ ಬರೋಕೆ. ಸೊಸೇನ ದೂರದಿಂದ ಆದ್ರೂ ನೋಡ್ಬೇಕು, ನಮ್ಮ ದೊಡ್ಡೋನಿಗೆ ಅವಮಾನ ಆಗಬಾರದು, ಪೇಟೆಯೋರ ಹಾಗೆ ನೀಟಾಗಿ ಹೋಗ್ಬೇಕು ಅಂದಿದ್ದ. ನಿನಗೋಸ್ಕರ ಕೂತ ಆ ಕುರ್ಚೀಲಿ.

ಮೇ 13ಕ್ಕೆ ಕೋರ್ಟು. ಬಂದು ಹೇಳು. "ಈ ಬೂಟು ನಾನು ಹೊಲಿದೆ, ನನ್ನ ತಮ್ಮನಿಗೆ." ಅಷ್ಟೇ. ಇಲ್ಲಾಂದ್ರೆ ನಾನು ಜೈಲಿಗೆ ಹೋಗ್ತೀನಿ. ಹೋದ್ರೆ ಹೋಗ್ಲಿ, ನನಗೆ ಅದಲ್ಲ ದೊಡ್ಡದು. ನಿನಗೆ ಗೊತ್ತು.


ಮೇ 2

ತಮ್ಮ,

ಬರ್ತೀನಿ. ಹದಿಮೂರಕ್ಕೆ ಬರ್ತೀನಿ. ಹುಟ್ಟೋ ಮಗುವಿನಾಣೆ.

ಅವತ್ತು ನಾನು ಹೊಡೀದೇ ಇದ್ರೆ ಗೂಳಿ ಹೊಡೀತಿದ್ದ. ಅವನ ಇನ್ನೊಂದು ಕೈಲಿ ತೊಗಲು ತೂತು ಮಾಡೋ ದಬ್ಬಳ ಇತ್ತು, ನೀನು ನೋಡ್ಲಿಲ್ಲ. ನೆತ್ತಿ ತಪ್ಪಿಸಿ ಕಿವಿ ಮೇಲೆ ಬೀಳೋ ಹಾಗೆ ನೋಡ್ಕೊಂಡೇ ಹೊಡೆದೆ. ನಿನ್ನ ಜೀವ ಉಳಿಸೋಕೆ. ಎರಡನೇದರ ಬಗ್ಗೆ ಬರೀಬೇಕು ಅಂತ ಕೂರ್ತೀನಿ, ಕೈ ಓಡಲ್ಲ.

ಅಪ್ಪನ ವಿಷಯ ಮೊದಲೇ ಹೇಳಬೇಕಿತ್ತು ಕಣೋ. ಮೊದಲೇ ಹೇಳಬೇಕಿತ್ತು.

ಅಂದಿನಿಂದ ಇವಳು ನನ್ನ ಜೊತೆ ಮಾತಾಡ್ತಿಲ್ಲ. ಬಾಗಿಲ ಸಂದೀಲಿ ನಿಂತು ರಕ್ತ ನೋಡಿಬಿಟ್ಟಳು, ಬಸುರಿ ಹೆಂಗಸು, ಹೆದರಿದಾಳೆ. ಪುಣ್ಯಕ್ಕೆ ಅನುಮಾನ ಏನೂ ಬಂದಿಲ್ಲ. ಮಾವನಿಗೂ ಗೂಳಿಗೂ ಏನೇನೋ ಹೇಳಿ ಸಮಾಧಾನ ಮಾಡಿದೀನಿ.


ಮೇ 15

ಅಣ್ಣ,

ಬಿಡುಗಡೆ ಆಯ್ತು. ನಿನ್ನಿಂದಲ್ಲ.

ಕೋರ್ಟಿನ ಗೇಟಿನ ಹತ್ರ ಮರದ ಹಿಂದೆ ಬಿಳಿ ಅಂಗಿ ಕಂಡಿತು. ಬಂದ ಅಂದ್ಕೊಂಡೆ. ಕಿಟಕಿಯಿಂದ ನೋಡ್ತಾನೇ ಇದ್ದೆ. ಅಂಗಿ ಎರಡು ಹೆಜ್ಜೆ ಮುಂದೆ ಬಂತು, ನಿಂತಿತು, ತಿರುಗಿ ಹೋಯ್ತು. ನೀನು ಬರದೇ ಇದ್ದಿದ್ರೆ ಇಷ್ಟು ಉರೀತಿರಲಿಲ್ಲ. ಬಂದು ಹೋದ್ಯಲ್ಲ.

"ಬೂಟು ಎಲ್ಲಿಂದ ಬಂತು?" ಅಂತ ಜಡ್ಜು ಕೇಳಿದ್ರು. "ಕಾಲಿಂದ" ಅಂದೆ. ಪೇದೆ ತಲೆ ಮೇಲೆ ಮೊಟಕಿದ. ಹೇಳಬಹುದಿತ್ತು ನಾನು. ಆದ್ರೆ ನಾನು ಹೇಳಿದ್ರೆ ಅದು ನನ್ನ ಮಾತು. ನನಗೆ ಬೇಕಿದ್ದದ್ದು ನಿನ್ನ ಮಾತು. ಗೂಳಿ ಹಲ್ಲು ಕಿರೀತಾ ಕೂತಿದ್ದ.

ಆಗ ಹಿಂದಿನ ಬೆಂಚಿಂದ ಒಬ್ಬರು ಎದ್ರು. ಹೊಟ್ಟೆ ಹಿಡ್ಕೊಂಡು ಮೆಲ್ಲಗೆ.

"ಯಾರಮ್ಮ ನೀವು?"

"ಇವನ ಅತ್ತಿಗೆ."

ನನಗೆ ಒಂದೇ ಕಿವೀಲಿ ಕೇಳಿಸಿದ್ದು. ಎರಡೂ ಇದ್ದಿದ್ರೆ ಎರಡು ಸಲ ಕೇಳ್ತಿದ್ದೆ.

"ಈ ಬೂಟು ನನ್ನ ಗಂಡ ಹೊಲಿದದ್ದು" ಅಂದ್ರು. "ಕಾಗದದ ಮೇಲೆ ತಮ್ಮದೇ ಪಾದ ಇಟ್ಟು ಗೀಟು ಎಳೆದ್ರು. ಆಮೇಲೆ ಯೋಚನೆ ಮಾಡಿ ಮಾಡಿ ಅರ್ಧ ಬೆರಳು ಜಾಸ್ತಿ ಮಾಡಿದ್ರು. ಯಾರಿಗೆ ಅಂದೆ. ಗಿರಾಕಿಗೆ ಅಂದ್ರು. ಗಿರಾಕಿ ಕಾಲು ಎಷ್ಟು ಬೆಳೆದಿರಬಹುದು ಅಂತ ಯಾವ ಚಮ್ಮಾರ ಕೂತು ಯೋಚನೆ ಮಾಡ್ತಾನೆ ಸ್ವಾಮಿ?"

"ಸುಳ್ಳು!" ಅಂತ ಗೂಳಿ ಎದ್ದ. "ಭಾವ ಅಂಥೋನಲ್ಲ. ಬಸುರೀಲಿ ಇವಳಿಗೆ ತಲೆ ಕೆಟ್ಟಿದೆ."

"ಮದುವೆಯಾದ ವರ್ಷವೇ ನೋಡಿದ್ದೆ ನಾನು" ಅಂದ್ರು ಅತ್ತಿಗೆ, ಅವನ ಕಡೆ ತಿರುಗಿ ಕೂಡ ನೋಡದೆ. "ಒಬ್ಬರೇ ಇದ್ದಾಗ ತೊಗಲನ್ನ ಕಣ್ಣಿಗೆ ಒತ್ಕೋತಾರೆ. ಯಾರೂ ನೋಡಲ್ಲ ಅಂದ್ಕೊಂಡಿರ್ತಾರೆ. ಹದದ ಓಣಿಯೋರು ಹಾಗೆ ಮಾಡ್ತಾರೆ ಅಂತ ಅವತ್ತು ಇವನನ್ನ ನೋಡಿ ತಿಳೀತು. ಏನೋ ಮುಚ್ಚಿಟ್ಟಿದಾರೆ ಅಂತ ಮಾತ್ರ ಮೊದಲಿಂದ ಗೊತ್ತು. ತಾವಾಗೇ ಹೇಳ್ಲಿ ಅಂತ ಕಾದೆ."

ಏನೂ ಅರಿಯದ ಹೆಣ್ಣಂತೆ. ಎದೆ ಒಡ್ಕೊಂಡು ಸಾಯ್ತಾಳಂತೆ. ಇಷ್ಟು ವರ್ಷ ಒಂದೇ ಮನೇಲಿದ್ದು ನೀನು ಏನು ನೋಡಿದ್ಯೋ ಮಾರಾಯ?

ಆಚೆ ಬಂದ್ವಿ. ಗೂಳಿ ಮೆಟ್ಟಿಲ ಮೇಲೇ ಕಾಯ್ತಿದ್ದ. ಒಡಹುಟ್ಟಿದ ತಂಗಿ ಜುಟ್ಟು ಹಿಡಿದು ಕೆನ್ನೆಗೆ ಬಾರಿಸಿದ. "ನಾತದೋನಿಗೆ ಹುಟ್ಟಿದ್ದು ಉಳೀಬಾರ್ದು" ಅಂತ ಕಾಲೆತ್ತಿದ, ಹೊಟ್ಟೆಗೆ. ನಾನು ಕೈ ಎತ್ತಲಿಲ್ಲ, ಅಷ್ಟು ಹೊತ್ತಿರಲಿಲ್ಲ. ಓಡಿ ಹೋಗಿ ಹಣೆಯಿಂದ ಮೂಗಿಗೆ ಗುದ್ದಿದೆ. ಮೂಳೆ ಒಳಗೆ ಹೋದದ್ದು ನನ್ನ ಹಣೆಗೇ ಗೊತ್ತಾಯ್ತು. ಮತ್ತೆ ಗುದ್ದಿದೆ. ಅವನ ರಕ್ತ ನನ್ನ ಬಾಯಿಗೆ ಬಂತು, ಉಗಿದೆ, ಇನ್ನೊಂದು ಸಲ ಗುದ್ದಿದೆ. ಪೇದೆ ಬಂದು ಎಳೆದ. "ಈಗ ತಾನೇ ಬಿಟ್ಟಿದ್ದು ಕಣೋ ನಿನ್ನ! ಬೀದಿ ಮುಟ್ಟೋವರೆಗಾದ್ರೂ ತಡ್ಕೊಳ್ಳೋಕೆ ಆಗಲ್ವಾ?" ಆದ್ರೆ ಮೊದಲು ಕಾಲೆತ್ತಿದ್ದು ಯಾರು ಅಂತ ಅವನು ನೋಡಿದ್ದ. ಹೋಗು ಅಂತ ಕಣ್ಣಲ್ಲೇ ಹೇಳಿದ.

ಅತ್ತಿಗೆ ನನ್ನ ಜೊತೆ ಬಂದಿದಾರೆ. ಅಪ್ಪನ ಮಂಚದ ಮೇಲೆ ಮಲಗಿದಾರೆ.


ಜೂನ್ 8

ಅಣ್ಣ,

ನಿನ್ನಿಂದ ಒಂದು ಸಾಲಿಲ್ಲ. ಚಹಾ ಅಂಗಡಿಯೋನು ಸತ್ತನಾ?

ನಮ್ಮ ಓಣಿಯೋರು ಏನೂ ಕಮ್ಮಿ ಇಲ್ಲ ಬಿಡು. ಅತ್ತಿಗೆ ನೀರಿಗೆ ಹೋದ್ರೆ ಚಿಕ್ಕಮ್ಮ ಕೊಡ ಒದ್ದಳು. "ಹೊಡೆದೋನ ಹೆಂಡ್ತಿಗೆ ನಮ್ಮ ನಲ್ಲೀಲಿ ನೀರಿಲ್ಲ." ಹೆಂಗಸರೆಲ್ಲ ಹೌದು ಹೌದು ಅಂದ್ರು. ಯಾರೋ ಒಬ್ಬಳು ಮಣ್ಣು ಎರಚಿದಳು. ನಾನು ಕೂಗಾಡಿಕೊಂಡು ಹೋಗೋದ್ರೊಳಗೆ ಅತ್ತಿಗೆ ಕೊಡ ಎತ್ಕೊಂಡು ನಿಂತಿದ್ರು. "ಹೊಡೆದೋನ ಹೆಂಡ್ತಿ ಹೌದು, ಹೊಡೆಸ್ಕೊಂಡೋನ ಅತ್ತಿಗೆಯೂ ಹೌದು. ಎರಡನೇದರ ಪಾಲಿಗೆ ಎಷ್ಟು ಬರುತ್ತೋ ಅಷ್ಟು ಹಾಕಿ" ಅಂದ್ರು. ಚಿಕ್ಕಮ್ಮ ಸುಮಾರು ಹೊತ್ತು ಯೋಚನೆ ಮಾಡಿ ಅರ್ಧ ಕೊಡ ತುಂಬಿಸಿದಳು. ಹೌದು ಕಣೋ, ಸರಿಯಾಗಿ ಅರ್ಧ! ಈಗ ದಿನಾ ಅರ್ಧರ್ಧ ಎರಡು ಸಲ ತರ್ತಾರೆ.

ನಿನ್ನ ಬಗ್ಗೆ ಅತ್ತಿಗೆ ಒಂದು ಮಾತೂ ಆಡಲ್ಲ. ನಾನು ನಿನ್ನ ಬೈದ್ರೆ ಕೊಡ ಎತ್ಕೊಂಡು ಆಚೆ ಹೋಗ್ತಾರೆ. ಹೇಳು, ಮಗು ಹುಟ್ಟಿದ್ರೆ ಅಪ್ಪ ಯಾರು ಅಂತ ಕೇಳ್ತಾರೆ. ನಾನೇನು ಹೇಳ್ಲಿ? ಯಾರೋ ಕೂಲಿ, ನನಗೇನು ಗೊತ್ತು ಅನ್ನಲಾ?


ಜೂನ್ 30

ತಮ್ಮ,

ಅಕ್ಷರ ಸೊಟ್ಟಗಿದೆ. ಎಡಗೈಲಿ ಬರೀತಿದೀನಿ. ಆಸ್ಪತ್ರೇಲಿದೀನಿ.

ಕೋರ್ಟಾದ ಮೇಲೆ ಮಾವ ನನ್ನನ್ನ ಹೊರಗೆ ಬಿಡಲಿಲ್ಲ. "ಅವಳು ಸುಳ್ಳು ಹೇಳಿದಳು, ಕೆಟ್ಟ ಹೆಂಗಸು ಅಂತ ಕಸುಬಿನೋರೆಲ್ಲ ಸೇರಿದಾಗ ಹೇಳು. ನೀನು ನಮ್ಮೋನಾಗೇ ಇರ್ತೀಯ" ಅಂದ್ರು. ಬಗ್ಗಿ ಹೊಲೀತಾ ಇದ್ದೆ. ನಿನ್ನ ಕಾಗದ ಚಹಾ ಅಂಗಡಿಯೋನು ಬ್ರೆಡ್ಡಿನ ಪೊಟ್ಟಣದಲ್ಲಿಟ್ಟು ಕಳಿಸಿದ. ಕೊನೇ ಸಾಲು ಓದಿದೆ. ಯಾರೋ ಕೂಲಿ. ಅದು ನನ್ನದೇ ಮಾತು ಅಂತ ಮೊದಲು ಹೊಳೀಲೂ ಇಲ್ಲ. ಎಂಥ ಕೆಟ್ಟ ಮಾತು ಅಂದ್ಕೊಂಡೆ.

ಮೊನ್ನೆ ಎಲ್ಲ ಸೇರಿದ್ರು. ಮಾವ ಕೇಳಿದ್ರು. "ಅವಳು ಹೇಳಿದ್ದೆಲ್ಲ ನಿಜ. ನಾನು ಹದದ ಓಣಿಯೋನು. ಅವನು ನನ್ನ ತಮ್ಮ" ಅಂದೆ. ಗಟ್ಟಿಯಾಗಿ ಹೇಳಬೇಕು ಅಂತಿದ್ದೆ, ಧ್ವನಿ ಕೀರಲಾಗಿ ಬಂತು. ಹಿಂದೆ ಕೂತೋರು "ಏನಂದ?" ಅಂದ್ರು. ಮತ್ತೆ ಹೇಳಬೇಕಾಯ್ತು.

ನನ್ನ ಪಕ್ಕ ಕೂತು ದಿನಾ ಊಟ ಮಾಡ್ತಿದ್ದೋರೇ ಮೊಣಕೈ ಹಿಡಿದ್ರು. ಬಲಗೈನ ಮೇಜಿನ ಮೇಲೆ ಚಾಚಿಸಿದ್ರು. ಗೂಳಿ ಅಟ್ಟೆ ಬಡಿಯೋ ಸುತ್ತಿಗೆ ತಗೊಂಡ. ಒಂದು ಬೆರಳು ಬಡಿದು, ನನ್ನ ಮುಖ ನೋಡಿ, ಆಮೇಲೆ ಇನ್ನೊಂದು. ಅವಸರ ಮಾಡಲಿಲ್ಲ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡ್ತಿದ್ದ, ಅದು ನಿನ್ನ ಕೆಲಸ ಅಂತ ಆಗಲೂ ಜ್ಞಾಪಕ ಬಂತು ನನಗೆ. ಹೆಬ್ಬೆರಳು ಉಳಿದಿದೆ. ಮಿಕ್ಕ ಬೆರಳು ಇನ್ನು ಬೂಟು ಹೊಲಿಯೋಕೆ ಬರಲ್ಲ ಅಂದ್ರು ಡಾಕ್ಟರು.

ನರ್ಸಮ್ಮ ಕೇಳಿದ್ರು, ನಿಮ್ಮ ಕಡೆಯೋರು ಯಾರು ಅಂತ. ನಿನ್ನ ಹೆಸರು ಹೇಳಿದೆ. ಎಲ್ಲಿಯೋರು ಅಂದ್ರು. ಓಣಿ ಹೇಳಿದೆ. ಪಕ್ಕದ ಮಂಚದೋನು ಕೇಳಿಸ್ಕೊಂಡು ಮಂಚ ಎಳ್ಕೊಂಡ. ಊಟದೋನು ತಟ್ಟೇನ ನೆಲದ ಮೇಲೆ ಇಟ್ಟು ಕಾಲಲ್ಲಿ ತಳ್ಳಿದ. ಎಷ್ಟೋ ವರ್ಷ ಆಗಿತ್ತು ಇದನ್ನ ಕಂಡು. ನೀವೆಲ್ಲ ಅಲ್ಲಿ ದಿನಾ ಇದನ್ನೇ ನುಂಗ್ತಿದ್ರಿ, ನಾನಿಲ್ಲಿ ಇಸ್ತ್ರಿ ಅಂಗಿ ಹಾಕಿ ನಗ್ತಿದ್ದೆ.

ಎರಡನೇ ಏಟು. ಅದು ನನಗೆ ನಾನೇ ಹೊಡ್ಕೊಂಡದ್ದು ಅಂತ ಚೆಂದಾಗಿ ಬರೆಯೋಕೆ ಹೋದೆ. ಸುಳ್ಳು. ನಿನಗೇ ಹೊಡೆದೆ. ಯಾಕೆ ಬಂದೆ ಅಂತ ಸಿಟ್ಟು ಬಂತು, ಹೊಡೆದೆ. ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ರ ಇಲ್ಲ.

ಅವಳು ಹೇಗಿದಾಳೆ? ಬರಬೇಡ ಅನ್ನಲ್ಲ ಈ ಸಲ. ಬಾ ಅನ್ನೋಕೂ ಮುಖ ಇಲ್ಲ.

ನಿನ್ನ ಅಣ್ಣ


ಜುಲೈ 4

ಅಣ್ಣ,

ನಾಳೆ ಹೊರಡ್ತೀವಿ. ಈ ಕಾಗದ ಮೊದಲು ಬರುತ್ತೋ ನಾವೋ ಗೊತ್ತಿಲ್ಲ. ಅತ್ತಿಗೆಗೆ ತಿಂಗಳು ತುಂಬಿದೆ, ಬೇಡ ಅಂದ್ರೆ ಕೇಳಲ್ಲ. ನಿನ್ನ ಕಾಗದ ಓದಿ ಒಂದೇ ಮಾತು ಅಂದ್ರು, "ಎರಡು ಸಲ ಹೇಳಿದ್ರಾ?" ಅಂತ. ಆಮೇಲೆ ಗೋಡೆ ಕಡೆ ತಿರುಗಿ ಅತ್ತರು. ಚಿಕ್ಕಮ್ಮನೂ ಬರ್ತಾಳಂತೆ. ನಿನ್ನ ಬೈಯೋಕೆ. ದಾರಿ ಖರ್ಚಿಗೆ ಬೈಗುಳ ಈಗಲೇ ಕಟ್ಕೊಂಡಿದಾಳೆ. ಪಕ್ಕದ ಮಂಚದೋನಿಗೆ ಹೇಳಿಡು, ಇನ್ನೂ ಸ್ವಲ್ಪ ಸರ್ಕೊಳ್ಳಲಿ, ನಮಗೆ ಜಾಗ ಬೇಕು. ಆ ತಟ್ಟೆ ತಳ್ಳೋನು ಯಾರು ಅಂತ ನನಗೆ ತೋರಿಸು.

ಬಂದು ತಬ್ಬಿಕೊಳ್ತೀನಿ ಅಂತ ಮಾತ್ರ ಅಂದ್ಕೋಬೇಡ. ಎಡಗಿವೀಲಿ ಈಗಲೂ ಗುಂಯ್ ಅಂತಿದೆ. ಮೊದಲನೇ ಏಟು ಬಿಟ್ಟುಬಿಟ್ಟೆ. ಎರಡನೇದು ವಾಪಸ್ ಕೊಟ್ಟೇ ಕೊಡ್ತೀನಿ, ಅತ್ತಿಗೆ ಮುಂದೇನೇ, ಅವರಿಗೂ ಹೇಳಿದೀನಿ. ಕೊಡಪ್ಪ ಅಂದಿದಾರೆ.

ಈಗಲ್ಲ. ಕೈ ಕೂಡ್ಲಿ. ಅಲ್ಲೀವರೆಗೆ ಊಟ ನಾನು ತಿನ್ನಿಸ್ತೀನಿ, ಗಡ್ಡ ನಾನು ಮಾಡ್ತೀನಿ. ಕೈ ಮುರಿದೋನ ಮೇಲೆ ಕೈ ಮಾಡೋದು ಅವರ ಮನೆ ರೀತಿ. ನಮ್ಮ ಮನೇಲಿ ಹಾಗೆ ಮಾಡಲ್ಲ.